ಹರ್-2 ಕಲಿಸಿದ್ದು

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆ ಅಲ್ಲ. ಜೀವಕೋಶಕ್ಕೆ ‘ಬೆಳೆ, ಎರಡಾಗು’ ಅಂತ ಹೇಳುವ ಸಂದೇಶ ಎಲ್ಲಿ ಕೆಟ್ಟಿದೆ ಅನ್ನೋದರ ಮೇಲೆ ಔಷಧಿಯೂ ಬದಲಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಹರ್-2 (HER2) ಸಂಶೋಧನೆ. ಇದು ಜೀವಕೋಶದ ಮೇಲಿರುವ ಒಂದು ಪ್ರೋಟೀನ್. ಇದರ ಜೀನ್‌ನ ಪ್ರತಿಗಳು ಜಾಸ್ತಿಯಾದರೆ ಪ್ರೋಟೀನ್‌ಗಳೂ ಜಾಸ್ತಿಯಾಗಿ, ಒಂದಕ್ಕೊಂದು ಜೋಡಿಯಾಗಿ, ಹೊರಗಿಂದ ಯಾರೂ ಹೇಳದಿದ್ದರೂ ಒಳಗೆ ಬೆಳೆಯುವ ಸಂದೇಶ ಕಳಿಸುತ್ತಲೇ ಇರುತ್ತವೆ. ಅಂಥ ಗೆಡ್ಡೆ ಇದ್ದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ ಅಂತ 1987ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಶೋಧಕ ಡೆನ್ನಿಸ್ ಸ್ಲೇಮನ್ ತಂಡ ತೋರಿಸಿತು. ಹರ್-2 ಅನ್ನೇ ತಡೆಯುವ ಟ್ರಾಸ್ಟುಜುಮಾಬ್ ಅನ್ನೋ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಹನ್ನೊಂದು ವರ್ಷ!

ಆದರೂ ಕೆಲವು ಗೆಡ್ಡೆಗಳು ಈ ಔಷಧಿಗೆ ಬಗ್ಗುವುದಿಲ್ಲ. ಮೇಲೆ ಹರ್-2 ತಡೆದರೂ ಕೆಳಗೆ, ಜೀವಕೋಶದ ಒಳಗೆ ಬೆಳೆಯುವ ಸಂದೇಶ ಸಾಗಿಸುವ ಪಿಐ3ಕೆ (PI3K) ಅನ್ನೋ ದಾರಿ ತಾನಾಗಿ ಚಾಲೂ ಇರಬಹುದು. ಏನೇ ಇರಲಿ, ಯಾವ ಔಷಧಿ ಅನ್ನೋದು ಗೆಡ್ಡೆಯ ಮೇಲೆ ನಿಂತಿರುವುದರಿಂದ, ಗೆಡ್ಡೆಯ ಪರೀಕ್ಷೆಯ ವರದಿಯಲ್ಲಿ ಹರ್-2 ಏನಿದೆ ಅಂತ ವೈದ್ಯರನ್ನು ದಯವಿಟ್ಟು ಕೇಳಿ.