ಅರಗು, ಮೈಲುತುತ್ತ, ಮೆಜೆಂಟಾ

ಬಣ್ಣಗಳಿಗೆ ಹೆಸರಿಡುವವರು ಕವಿಗಳು ಎನ್ನುವವರು ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಅರ್ಧ ದಿನ ಕುಳಿತು ನೋಡಬೇಕು. ತಂಗಿಯ ಮದುವೆಗೆ ಜವಳಿ ತೆಗೆಯಲು ತೀರ್ಥಹಳ್ಳಿಯ ಅತ್ತೆಯೊಂದಿಗೆ ಹೋದಾಗ ನನಗೆ ಆ ಭಾಗ್ಯ ಒದಗಿತು.

ಗಾದಿಯ ಮೇಲೆ ಕುಳಿತವರೇ ಅತ್ತೆ, "ಅರಗಿನ ಬಣ್ಣದ್ದು ತೋರಿಸಪ್ಪ" ಎಂದರು. ಹುಡುಗ ಕುಂಕುಮ, ದಾಳಿಂಬೆ, ಟೊಮೆಟೊ ಎಂದು ಇದ್ದಬದ್ದ ಕೆಂಪನ್ನೆಲ್ಲ ಹರವಿದ. ಮರೂನ್ ಎಂದಿದ್ದರೆ ಅವನಿಗೆ ತಿಳಿಯುತ್ತಿತ್ತೇನೋ. ಅದು ಫ್ರೆಂಚರ ಚೆಸ್ಟ್‌ನಟ್ ಕಾಯಿಯಿಂದ ಬಂದ ಹೆಸರು; ನಮ್ಮ ಮನೆಯಲ್ಲಿ ಯಾರೂ ಅದನ್ನು ಕಂಡವರಲ್ಲ. ಕೊನೆಗೆ ಹಿರಿಯ ಗುಮಾಸ್ತರು, "ಅರಕ್ಕು ಕೇಳುತ್ತಿದ್ದಾರೆ, ಕೆಳಗಿನ ಕಟ್ಟು ತೆಗೆ" ಎಂದು ಗದರಿದರು. ಕಂಚಿಯ ನೇಕಾರರ ತಮಿಳಿನಲ್ಲಿ ಅರಕ್ಕು, ನಮ್ಮಲ್ಲಿ ಅರಗು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದೂ ಇದರಲ್ಲೇ. ಮರದ ರೆಂಬೆಗೆ ಕಚ್ಚಿಕೊಂಡು ಬದುಕುವ ಸಣ್ಣ ಕೀಟ ಕೊಡುವ ಈ ಅರಗಿನಿಂದಲೇ ಹಿಂದೆ ಬಟ್ಟೆಗೆ ಕಡುಗೆಂಪು ಹಾಕುತ್ತಿದ್ದರು. ಇಂಗ್ಲಿಷಿನ ಕ್ರಿಮ್ಸನ್ ಹಿಂದೆಯೂ ಹುಳುವೇ ಇದೆ: ಓಕ್ ಮರದ ಕೀಟಕ್ಕೆ ಅರಬ್ಬರು ಇಟ್ಟ ಹೆಸರು ಕಿರ್ಮಿಜ್.

ಅತ್ತೆ ಸೆರಗನ್ನು ಬಾಗಿಲ ಬಿಸಿಲಿಗೆ ಒಯ್ದು ಓರೆಯಾಗಿ ಹಿಡಿದರು. ಹಾಸು ಕೆಂಪು, ಹೊಕ್ಕು ಕಪ್ಪು. ಮಡಿಕೆ ತಿರುಗಿದಲ್ಲೆಲ್ಲ ಒಂದು ಇನ್ನೊಂದನ್ನು ನುಂಗುತ್ತಿತ್ತು. ಗುಮಾಸ್ತರಿಗೆ ಹುರುಪು ಬಂದಿತು. "ಇದು ಎಂ.ಎಸ್. ಬ್ಲೂ" ಎಂದು ಸುಬ್ಬುಲಕ್ಷ್ಮಿಯವರ ಹೆಸರಿನ ನೀಲಿಯನ್ನು ಬಿಚ್ಚಿದರು. ಅದರ ಪಕ್ಕದ ಹೊಳೆಯುವ ನೀಲಿಯನ್ನು ಅತ್ತೆ ಯಾರನ್ನೂ ಕೇಳದೆ "ಮೈಲುತುತ್ತ" ಎಂದರು. ಪ್ರತಿ ಮಳೆಗಾಲ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ನೀಲಿ ಹರಳು ಕರಗಿಸಿ ಬೋರ್ಡೋ ದ್ರಾವಣ ಕಲಸುವ ಮನೆಯವರು, ಅವರಿಗೆ ಬೇರೆ ಹೆಸರು ಏಕೆ ಬೇಕು?

ತಂಗಿ ಪಟ್ಟು ಹಿಡಿದದ್ದು ಮಾತ್ರ ಮೆಜೆಂಟಾಕ್ಕೆ. ಅದು ಇಟಲಿಯ ಒಂದು ಊರು. 1859ರಲ್ಲಿ ಅಲ್ಲಿ ಫ್ರೆಂಚರು ಆಸ್ಟ್ರಿಯನ್ನರನ್ನು ಸೋಲಿಸಿದರು. ಅದೇ ವರ್ಷ ಫ್ರಾನ್ಸಿನಲ್ಲಿ ಹೊಸ ಕೃತಕ ಬಣ್ಣವೊಂದು ತಯಾರಾಗಿತ್ತು. ಮೊದಲು ಅದಕ್ಕೆ ಫುಕ್ಸಿನ್ ಎಂಬ ಹೆಸರಿತ್ತು. ಬಳಿಕ ಕದನದ ಹೆಸರೇ ಅಂಟಿಕೊಂಡಿತು. ಗೆದ್ದ ಯುದ್ಧದ ಹೆಸರಿಗೆ ಗಿರಾಕಿ ಹೆಚ್ಚು ಎಂಬುದು ಯಾವ ವ್ಯಾಪಾರಿಗೆ ಗೊತ್ತಿಲ್ಲ!

ಇಷ್ಟನ್ನೂ ನಾನು ಅಲ್ಲೇ ವಿವರಿಸಿದೆ. ಗುಮಾಸ್ತರು ನಕ್ಕರು. ಅತ್ತೆ ಮಾತ್ರ, "ಧಾರೆ ಸೀರೆಯ ವಿಷಯ, ಬೀಗರ ಮುಂದೆ ಯುದ್ಧ ಗಿದ್ಧ ಎನ್ನಬೇಡ" ಎಂದು ಎರಡನ್ನೂ ಕಟ್ಟಿಸಿಕೊಂಡರು.