ಸುತ್ತುತ್ತಾ ಬೀಳುವುದನ್ನು ಕಲಿಸಿದ ಮೇಷ್ಟ್ರು

ಬೀದರ್, 12 ಮಾರ್ಚ್ 2024, ಮಂಗಳವಾರ

ಬೆಳಿಗ್ಗೆಯಿಂದ ವಾಯುಪಡೆಯ ಹಾಕ್ ತರಬೇತಿ ವಿಮಾನಗಳ ಸದ್ದು ನಿಂತಿಲ್ಲ. ಅವು ತಲೆಯ ಮೇಲೆ ಹಾಯುವಾಗ ಪಾಠ ನಿಲ್ಲಿಸಿ ಕಾಯುವುದು ಈ ಊರಿನ ಮೇಷ್ಟ್ರುಗಳಿಗೆ ರೂಢಿ. ಇವತ್ತು ಹಾಗೆ ಕಾಯುತ್ತಿದ್ದಾಗ ಹುಡುಗನೊಬ್ಬ ಕೇಳಿದ: "ಸರ್, ಕಲಿಯುವವರು ಮುಂದೆ ಕೂರುತ್ತಾರೋ, ಹಿಂದೆಯೋ?" ಮುಂದೆ ಎಂದೆ, ಬೋಧಕರು ಹಿಂದಿನ ಸೀಟಿನಲ್ಲಿ. ಅವನಿಗೆ ನಂಬಿಕೆ ಬರಲಿಲ್ಲ. ವಿಮಾನ ಹಾರಿಸುವುದನ್ನು ಕಲಿಸುವ ರೀತಿಯನ್ನೇ ಬದಲಿಸಿದ ರಾಬರ್ಟ್ ಸ್ಮಿತ್-ಬ್ಯಾರಿಯ ಕಥೆ ಹೇಳಬೇಕೆನಿಸಿತು. ಪರೀಕ್ಷೆ ಹತ್ತಿರ ಬಂದಿದೆ, ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

1886ರಲ್ಲಿ ಹುಟ್ಟಿದ ಈತ ಐರ್ಲೆಂಡಿನಲ್ಲಿ ಆಸ್ತಿಪಾಸ್ತಿಯಿದ್ದ ಜಮೀನ್ದಾರಿ ಮನೆತನದವನು. 1911ರಲ್ಲಿ ವಿಮಾನ ಹಾರಿಸಲು ಕಲಿತು, ಮರುವರ್ಷ ಬ್ರಿಟನ್ನಿನ ಸೇನೆಯ ವಾಯುದಳವಾದ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. ಮಹಾಯುದ್ಧ ಶುರುವಾದ ತಿಂಗಳಲ್ಲೇ, 1914ರ ಆಗಸ್ಟಿನಲ್ಲಿ, ಫ್ರಾನ್ಸಿನಲ್ಲಿ ಅವನ ವಿಮಾನ ನೆಲಕ್ಕಪ್ಪಳಿಸಿತು. ಜೊತೆಗಿದ್ದ ಸಹಾಯಕ ಸತ್ತ, ಇವನ ಕಾಲುಗಳು ಮುರಿದವು. 1916ರ ಜುಲೈನಲ್ಲಿ 60ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ ವಾಲ್ಡ್ರನ್ ಯುದ್ಧದಲ್ಲಿ ಸತ್ತಾಗ ಆ ಹೊಣೆ ಸ್ಮಿತ್-ಬ್ಯಾರಿಯ ಹೆಗಲಿಗೆ ಬಂತು.

ಅಲ್ಲಿ ಅವನ ಹೊಟ್ಟೆ ಉರಿಸಿದ್ದು ಶತ್ರುಗಳಿಗಿಂತ ಹೆಚ್ಚಾಗಿ ತನ್ನವರೇ ಕಳಿಸಿಕೊಡುತ್ತಿದ್ದ ಹೊಸ ಹುಡುಗರ ಅವಸ್ಥೆ. ಕೆಲವೇ ಗಂಟೆ ಹಾರಿದ ಅನುಭವ. ತಿರುವು ಸರಿಯಾಗಿ ತೆಗೆದುಕೊಳ್ಳಲೂ ಬಾರದು. ಇಂಥವರನ್ನು ಗಡಿ ದಾಟಿಸುವುದೆಂದರೆ ಕೊಲೆ ಮಾಡಿದಂತೆ ಎಂದು ಮೇಲಿನವರಿಗೆ ಕಾಗದದ ಮೇಲೆ ಕಾಗದ ಬರೆದ. ಮೇಲಿನವರು, ವಿಶೇಷವಾಗಿ ಫ್ರಾನ್ಸಿನಲ್ಲಿ ಆ ವಾಯುದಳದ ಮುಖ್ಯಸ್ಥನಾಗಿದ್ದ ಟ್ರೆಂಚಾರ್ಡ್, ಅಷ್ಟು ಬಲ್ಲವನಾದರೆ ನೀನೇ ಮಾಡಿ ತೋರಿಸು ಎಂಬಂತೆ 1916ರ ಕೊನೆಗೆ ಅವನನ್ನು ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿದ್ದ ತರಬೇತಿ ದಳಕ್ಕೆ ಕಳಿಸಿದರು. ದೂರು ಹೇಳಿದವನ ಕೈಗೇ ಕೆಲಸ ಕೊಡುವ ಮೇಲಧಿಕಾರಿ ಸಿಗುವುದು ಪುಣ್ಯ.

ಆಗಿನ ತರಬೇತಿ ಹೇಗಿತ್ತೆಂದರೆ, ಬೋಧಕರಲ್ಲಿ ಹಲವರು ರಣರಂಗದಲ್ಲಿ ಸೋತು ಸುಣ್ಣವಾಗಿ ಬಂದವರು. ವಿದ್ಯಾರ್ಥಿಗಳಿಗೆ ಅವರಿಟ್ಟ ಅಡ್ಡಹೆಸರು 'ಹನ್', ಅಂದರೆ ಜರ್ಮನ್ ಶತ್ರು. ಬ್ರಿಟಿಷ್ ವಿಮಾನಗಳನ್ನು ಇವರಷ್ಟು ಮುರಿಯುವವರು ಬೇರೆ ಯಾರಿದ್ದಾರೆ ಎಂಬ ಕುಹಕ. ಜೀವಭಯದಿಂದ ಬೋಧಕ ನಿಯಂತ್ರಣವನ್ನು ಬಿಟ್ಟುಕೊಡುತ್ತಲೇ ಇರಲಿಲ್ಲ. ಕಲಿಯುವವನು ಎಷ್ಟೋ ಹೊತ್ತು ಬರೀ ಪ್ರಯಾಣಿಕ.

ಸ್ಮಿತ್-ಬ್ಯಾರಿ ಇದನ್ನು ತಿರುವುಮುರುವು ಮಾಡಿದ. ಎರಡು ಸೀಟಿನ ಆವ್ರೋ 504 ವಿಮಾನ. ಎರಡೂ ಕಡೆ ಪೂರ್ತಿ ನಿಯಂತ್ರಣ. ಪೈಲಟ್ ಕೂರುವ ಸೀಟಿನಲ್ಲಿ ಮೊದಲ ದಿನದಿಂದಲೇ ವಿದ್ಯಾರ್ಥಿ. ನಮ್ಮ ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲಡಿಯೂ ಒಂದು ಬ್ರೇಕ್ ಇರುತ್ತದಲ್ಲ, ಹಾಗೆ. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸಲೆಂದು ಬೋಧಕನ ಬಾಯಿಂದ ವಿದ್ಯಾರ್ಥಿಯ ಕಿವಿಗೆ ಒಂದು ಕೊಳವೆ. 'ಗಾಸ್‌ಪೋರ್ಟ್ ಟ್ಯೂಬ್' ಎಂದೇ ಅದಕ್ಕೆ ಹೆಸರಾಯಿತು.

ಅಪಾಯಕ್ಕೆ ಬೇಕೆಂದೇ ಕರೆದೊಯ್ದು ಹೊರಬರುವುದನ್ನು ಕಲಿಸಿದ್ದು ಇದಕ್ಕಿಂತ ದೊಡ್ಡ ಹೆಜ್ಜೆ. ಸ್ಪಿನ್ ಎಂದರೆ ಆಗ ಸಾವು ಎಂದೇ ಲೆಕ್ಕ. ವೇಗ ತಗ್ಗಿ ವಿಮಾನ ಬುಗುರಿಯಾಗಿ ಕೆಳಗಿಳಿಯುವಾಗ ಯಾರೇ ಆದರೂ ಗಾಬರಿಯಲ್ಲಿ ಸ್ಟಿಕ್ಕನ್ನು, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಹಿಡಿಯನ್ನು, ಎದೆಗೆ ಎಳೆದುಕೊಳ್ಳುತ್ತಾರೆ. ಎಳೆದಷ್ಟೂ ಸುತ್ತು ಬಿಗಿಯಾಗುತ್ತದೆ. ಸುತ್ತಿಗೆ ಎದುರಾಗಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್) ಒತ್ತಿ, ಸ್ಟಿಕ್ಕನ್ನು ಮುಂದಕ್ಕೆ ತಳ್ಳಬೇಕು, ಅಂದರೆ ಮೂತಿಯನ್ನು ನೆಲದ ಕಡೆಗೇ ಬಿಡಬೇಕು. ಕೈ ಕೇಳುತ್ತದೆಯೇ? 1912ರಲ್ಲಿ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿ ಎಲ್ಲರೆದುರು ಸ್ಪಿನ್‌ನಿಂದ ಪಾರಾಗಿದ್ದ. 1917ರಲ್ಲಿ ಲಿಂಡೆಮನ್ ಎಂಬ ಭೌತವಿಜ್ಞಾನಿ ಬ್ರಿಟನ್ನಿನ ವಿಮಾನ ಸಂಶೋಧನಾ ಕೇಂದ್ರವಿದ್ದ ಫಾರ್ನ್‌ಬರೋದಲ್ಲಿ ತಾನೇ ವಿಮಾನವನ್ನು ಸ್ಪಿನ್‌ಗೆ ಬಿಟ್ಟು ಅಳೆದು ನೋಡಿದ. ಅದೇ ವರ್ಷ ಗಾಸ್‌ಪೋರ್ಟಿನಲ್ಲಿ ಅದು ದಿನನಿತ್ಯದ ಪಾಠವಾಯಿತು. ಹೀಗೆ ಮಾಡು ಎಂದು ನೆಲದ ಮೇಲೆ ಹೇಳಿದ್ದನ್ನು ಬೀಳುತ್ತಿರುವಾಗ ಕೈಯಿಂದಲೇ ಮಾಡಿಸುವುದು ಎಂಥ ಎದೆಗಾರಿಕೆ! ನನಗಂತೂ ಕಪ್ಪು ಹಲಗೆಯೇ ಸಾಕು.

1917ರ ಆಗಸ್ಟಿನಲ್ಲಿ ಗಾಸ್‌ಪೋರ್ಟ್ 'ಸ್ಕೂಲ್ ಆಫ್ ಸ್ಪೆಷಲ್ ಫ್ಲೈಯಿಂಗ್' ಆಯಿತು. ಅಲ್ಲಿ ಕಲಿಯಲು ಬಂದವರು ಬೋಧಕರೇ. ಸಾವಿರ ಹುಡುಗರನ್ನು ತಿದ್ದುವುದಕ್ಕಿಂತ ಅವರ ಮೇಷ್ಟ್ರುಗಳನ್ನು ತಿದ್ದುವುದು ವಾಸಿ ಎಂಬ ಲೆಕ್ಕಾಚಾರ ಇದ್ದಿರಬೇಕು. ಜಗತ್ತಿನ ವಾಯುಪಡೆಗಳಿಗೆಲ್ಲ ಹಾರುವುದನ್ನು ಕಲಿಸಿದವನು ಇವನೇ ಎಂಬ ಹೊಗಳಿಕೆ ಟ್ರೆಂಚಾರ್ಡ್ ಹೆಸರಿನಲ್ಲಿ ಓಡಾಡುತ್ತದೆ. ಸ್ವಲ್ಪ ಉತ್ಪ್ರೇಕ್ಷೆಯೇ ಇರಬಹುದು, ಆದರೆ ಬಹಳ ಅಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಘಾಟಗೆಯವರು ರೂಪಿಸಿ, 1951ರಲ್ಲಿ ಮೊದಲು ಹಾರಿದ ತರಬೇತಿ ವಿಮಾನ ಎಚ್‌ಟಿ-2ರಲ್ಲೂ ಹಿಂದೆ ಮುಂದೆ ಎರಡು ಸೀಟು, ಎರಡೂ ಕಡೆ ನಿಯಂತ್ರಣ. ಚೆನ್ನೈ ಹತ್ತಿರದ ತಾಂಬರಂನಲ್ಲಿ ನಮ್ಮ ವಾಯುಪಡೆ ಇಂದಿಗೂ ಬೋಧಕರಾಗುವವರಿಗೆಂದೇ ಶಾಲೆ ನಡೆಸುತ್ತಿದೆ. ಒಳ್ಳೆಯ ಪೈಲಟ್ ಎಂದ ಮಾತ್ರಕ್ಕೆ ಹಿಂದಿನ ಸೀಟು ಸಿಗುವುದಿಲ್ಲ.

ನಾನು ಹೋಗಿಬಂದ ಶಿಕ್ಷಕರ ತರಬೇತಿಗಳಲ್ಲಿ ಒಮ್ಮೆಯೂ ಯಾರೂ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಪಾಠ ಮಾಡಿಸಿ ನೋಡಿಲ್ಲ. ಹಾಜರಿ ಹಾಕಿ, ಸ್ಲೈಡುಗಳನ್ನು ನೋಡಿ, ಊಟ ಮಾಡಿಕೊಂಡು ಬಂದಿದ್ದೇವೆ. ಆ ಹುಡುಗನಿಗೆ ನಾಳೆ ಮಧ್ಯಾಹ್ನದ ಬಿಡುವಿನಲ್ಲಿ ಸ್ಟಿಕ್ ಮತ್ತು ರಡ್ಡರಿನ ಚಿತ್ರ ಬರೆದು ತೋರಿಸಬೇಕು.