ಬೆಲ್ಲ ಹೆಚ್ಚೋ ಮನಿಗೆ ಎಂಥಾ ಚಾಕು ಬೇಕು?

ಮೂರು ಸಾವಿರದ ಆಚೆ-ಈಚೆ ಕೊಟ್ಟು ಒಂದು ಚಾಕು ತಗೊಂಡೆ ಅಂತ ಬಾಯಿ ತಪ್ಪಿ ಗೆಳೆಯರ ಗ್ರೂಪಿನ್ಯಾಗ ಹೇಳಿಬಿಟ್ಟೆ ನೋಡ್ರಿ, ಎರಡು ದಿನ ನನ್ನ ಬಿಡಲಿಲ್ಲ. "ಅಷ್ಟು ರೊಕ್ಕಕ್ಕ ಕಾಯಿಪಲ್ಯ ಹೆಚ್ಚಿ ಕೊಡೋ ಆಳು ಸಿಗ್ತಾನಲೇ" ಅಂದ ಒಬ್ಬ, ಇನ್ನೊಬ್ಬ ಇಲ್ಲೇ ಪುಣೆದಾಗಿನ ಬೋಹರಿ ಆಳಿ ಬಜಾರದ ಅಂಗಡಿಯೊಳಗಿನ ಎಂಬತ್ತು ರೂಪಾಯಿ ಚಾಕುವಿನ ಫೋಟೋ ಹಾಕಿ "ಇದೂ ಹೆಚ್ಚತದ" ಅಂತ ಬರದ. ಆದ್ರ ಆ ಗದ್ದಲದಾಗ ಒಬ್ಬಾಂವ ಮಾತ್ರ ಪರ್ಸನಲ್ ಮೆಸೇಜ್ ಮಾಡಿ, ಖರೇನ ಅಷ್ಟು ಕೊಡಬಹುದಾ, ನನಗೂ ಒಂದು ಬೇಕಾಗೇದ ಅಂತ ಕೇಳಿದ. ಅವನಿಗೆ ಬರೀಲಿಕ್ಕೆ ಕೂತದ್ದು ಉದ್ದ ಆತು, ಅದಕ್ಕ ಇಲ್ಲೇ ಹಾಕ್ಲಿಕ್ಕೆ ಹತ್ತೇನಿ.

ಚಾಕು ವಿಕ್ಟೋರಿನಾಕ್ಸ್‌ದು, ಫೈಬ್ರಾಕ್ಸ್ ಅನ್ನೋ ಕರೀ ಹಿಡಿಕೀದು, ಅಲಗು 8 ಇಂಚು. ನನ್ನ ರೊಕ್ಕ, ಯಾರೂ ಪುಕ್ಕಟ ಕೊಟ್ಟಿಲ್ಲ. ಇದಕ್ಕ ನಾ ನೆಟ್ಟಗ ಬಂದಿಲ್ಲ, ಎರಡು ಚಾಕು ದಾಟಿ ಬಂದೇನಿ, ಆ ಕಥಿ ಹೇಳದ ಇದು ಯಾಕ ಬರೋಬ್ಬರಿ ಅಂತ ಹೇಳಲಿಕ್ಕೆ ಬರೂದಿಲ್ಲ.

ಮೊದಲನೇದು ಆನ್‌ಲೈನ್‌ನ್ಯಾಗ ತರಿಸಿದ್ದು, ಬ್ರ್ಯಾಂಡಿನ ಹೆಸರು ಬ್ಯಾಡ, ಕೇಳಿದ್ರ ಜಪಾನೀ ಅನ್ನಿಸೋ ಹೆಸರು. ಅಲಗಿನ ಮ್ಯಾಲೆ ನೀರಿನ ತೆರಿ ಹಂಗ ಡಿಸೈನು, ಡಬ್ಬಿ ಮ್ಯಾಲೆ "67 ಲೇಯರ್ ಡಮಾಸ್ಕಸ್". ಖರೇ 67 ಲೇಯರಿಂದು ಹೆಂಗ ಇರ್ತದಂದ್ರ, ನಡುವ ಒಂದು ಗಟ್ಟಿ ಸ್ಟೀಲು, ಆ ಕಡೆ 33 ಈ ಕಡೆ 33 ತೆಳ್ಳನ ಪದರ. ಹೆಚ್ಚೋದು ನಡುವಿಂದು ಒಂದ, ಉಳಿದ 66 ನೋಡಲಿಕ್ಕೆ. ನಮ್ಮದರಾಗ ಆ 66 ಸುದ್ದಾ ಇರಲಿಲ್ಲ ಅಂತ ಕಾಣತದ, ಯಾಕಂದ್ರ ಪಾತ್ರೆ ತಿಕ್ಕೋ ಜಾಳಗಿ ಹಚ್ಚಿ ಹಚ್ಚಿ ನಾಕು ತಿಂಗಳೊಳಗ ಡಿಸೈನು ಅರ್ಧ ಅಳಿಸಿ ಹೋತು, ಲೇಸರ್‌ಲೇ ಬರದಿದ್ರು. ಸ್ಟೀಲ್ ಯಾವುದು ಅಂತ ಡಬ್ಬಿ ತಿರುವಿ ತಿರುವಿ ನೋಡಿದೆ, "ಹೈ ಕಾರ್ಬನ್ ಸ್ಟೇನ್‌ಲೆಸ್ ಸ್ಟೀಲ್" ಅಂತಷ್ಟ ಇತ್ತು. ಅಂದ್ರ ಹೋಟೆಲಿಗೆ ಹೋಗಿ ಪಲ್ಯ ಯಾವುದ್ರೀ ಅಂತ ಕೇಳಿದ್ರ "ತರಕಾರೀದು" ಅಂದಂಗ.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ನಾ ಭೋಸರಿಯೊಳಗ ಒಂದು ಟೂಲ್ ರೂಮಿನ್ಯಾಗ ಇದ್ದೇನಿ, ಪ್ರೆಸ್ ಡೈ, ಅಂದ್ರ ಲೋಹದ ಶೀಟ್ ಕತ್ತರಿಸಿ ಆಕಾರ ಕೊಡೋ ಅಚ್ಚು ಮಾಡ್ತೀವಿ, ದಿನಾ ಬೆಳಗಾದ್ರ ಸ್ಟೀಲಿಂದ ಸುದ್ದಿ. ಹಾರ್ಡ್‌ನೆಸ್ ಟೆಸ್ಟರ್ ನನ್ನ ಟೇಬಲ್ಲಿನಿಂದ ಹತ್ತು ಹೆಜ್ಜಿ. ಡಬ್ಬಿ ಮ್ಯಾಲೆ "60 ಎಚ್‌ಆರ್‌ಸಿ" ಅಂತ ದೊಡ್ಡದಾಗಿ ಬರದಿದ್ರು, ಎಚ್‌ಆರ್‌ಸಿ ಅಂದ್ರ ರಾಕ್‌ವೆಲ್ ಸಿ ಸ್ಕೇಲು, ವಜ್ರದ ಸಣ್ಣ ಮೊನೀನ 150 ಕಿಲೋ ಭಾರದಲೇ ಒತ್ತಿ ಎಷ್ಟು ಆಳ ಇಳೀತು ಅಂತ ನೋಡೋದು, ಕಡಿಮಿ ಇಳಿದ್ರ ನಂಬರ್ ಜಾಸ್ತಿ. ಒಂದಿನ ಪೇಪರಿನ್ಯಾಗ ಸುತ್ತಿಕೊಂಡು ಹೋಗೇಬಿಟ್ಟೆ. ಟೆಸ್ಟರ್ ನೋಡಿಕೊಳ್ಳೋ ಕಾಕಾ ಸಾತಾರಾ ಕಡ್ಯಾವ್ರು, ಕನ್ನಡಕ ಮ್ಯಾಲೆ ಏರಿಸಿ ನೋಡಿ "ಸುರೀ ಕಾ? ಉದ್ಯಾ ಕುಕರ್ ಘೇವೂನ್ ಯೇ!" ಅಂದ್ರು, ನಾಳೆ ಕುಕ್ಕರೂ ತಗೊಂಡ್ ಬಾ ಅಂತ. ಬೈಕೋತನ ಬೆನ್ನಿನ ಹತ್ರ ಮೂರು ಕಡೆ ಒತ್ತಿದ್ರು. ಅಲಗು ಬೆನ್ನಿನಿಂದ ಧಾರಿ ಕಡೆ ಇಳಕಲ ಇರ್ತದ, ಅದಕ್ಕ ಒಂದೆರಡು ಪಾಯಿಂಟ್ ಆಚೆ-ಈಚೆ ಆಗಬಹುದು ಅಂತನೂ ಹೇಳಿದ್ರು. ಬಂದದ್ದು 51, 52, 51. ಒಂದೆರಡು ಪಾಯಿಂಟ್ ಅಲ್ಲ, ಎಂಟು-ಒಂಬತ್ತು! ದಿನಾ ಮಸೆದ್ರೂ ಯಾಕ ಟಮಾಟಿ ಹೆಚ್ಚೂದಿಲ್ಲ, ಬರೇ ಹಿಚುಕತದ ಅಂತ ಆವತ್ತು ತಿಳೀತು.

ಎರಡನೇದು ಒಳ್ಳೇದಿತ್ತು, ಅದಕ್ಕ ಅದರ ಕಥಿ ಜಾಸ್ತಿ ಹೊಟ್ಟಿ ಉರಸ್ತದ. ನಮ್ಮ ಅಕ್ಕನ ಗಂಡ ಕೆಲಸದ ಮ್ಯಾಲೆ ಜಪಾನಿಗೆ ಹೋಗಿದ್ರು, ಬರಬೇಕಾದ್ರ ವಿಜಿ-10 ಸ್ಟೀಲಿನ ಒಂದು ಚಾಕು ತಂದು ಕೊಟ್ರು. ವಿಜಿ-10ದಾಗ ಕಾರ್ಬನ್ ಹತ್ರ ಹತ್ರ ಶೇಕಡಾ 1, ಸ್ವಲ್ಪ ಕೋಬಾಲ್ಟೂ ಇರ್ತದ, ಗಟ್ಟಿತನ 60ರ ಆಸುಪಾಸು. ಅದರ ಸುಖ ಏನು ಹೇಳಲಿ ನಿಮಗ, ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ನೀರು ಕಡಿಮಿ ಬರ್ತಿತ್ತು, ಕೊತ್ತಂಬರಿ ಕರ್ರಗಾಗ್ತಿರಲಿಲ್ಲ. ಮೂರು ತಿಂಗಳು ರಾಜನಂಗ ಹೆಚ್ಚಿದೆ.

ಆಮ್ಯಾಲೆ ಧಾರವಾಡದಿಂದ ಅವ್ವ ಬಂದ್ಲು.

ಸಂಕ್ರಾಂತಿ ಮುಂದ, ಎಳ್ಳು-ಬೆಲ್ಲ ಮಾಡೋ ಸಂಭ್ರಮ, ಕೊಲ್ಹಾಪುರದ ಬೆಲ್ಲದ ದೊಡ್ಡ ಪೆಂಟಿ ತಂದಿದ್ವಿ. ನಾ ಆಫೀಸಿನ್ಯಾಗ ಇದ್ದೆ. ಅವ್ವ ಓಟಾದ ಮ್ಯಾಲೆ, ಅಂದ್ರ ಪುಣೆ ಮಂದಿ ಅಡಿಗಿಮನಿ ಕಟ್ಟಿಗೆ ಹಂಗ ಅಂತಾರ, ಆ ಗ್ರಾನೈಟ್ ಕಲ್ಲಿನ ಮ್ಯಾಲೆ ಪೆಂಟಿ ಇಟ್ಟು, ಕೈಗೆ ಸಿಕ್ಕ ಚಾಕು ಊರಿ, ಬೆನ್ನಿನ ಮ್ಯಾಲೆ ಅಂಗೈಲೇ ಗುದ್ದಿ ಗುದ್ದಿ ಬೆಲ್ಲ ಸೀಳ್ಯಾಳ. ಅಷ್ಟಕ್ಕ ಬಿಡದ ಒಣ ಕೊಬ್ಬರಿ ಬಟ್ಟಲಾನೂ ಅದರಲೇ ತುಂಡು ಮಾಡ್ಯಾಳ. ಸಂಜೀಕ ಬಂದು ನೋಡ್ತೀನಿ, ಧಾರಿ ನಡುವ ಜ್ವಾಳದ ಕಾಳಿನ ಅರ್ಧದಷ್ಟು ಒಂದು ಚಕ್ಕಿ ಹಾರೇದ, ಅದರ ಬಾಜೂಕ ಸಣ್ಣೂ ಎರಡು. ಬೆರಳಿನ ಉಗುರು ಸಿಕ್ಕಿಕೊಳ್ಳೋವಷ್ಟು. ನಾ ಮಾರಿ ಸಣ್ಣದು ಮಾಡಿಕೊಂಡು ನಿಂತಿದ್ದು ನೋಡಿ ಅವ್ವ "ಇದೆಂಥಾ ಚಾಕುನೋ ತಮ್ಮಾ, ಬೆಲ್ಲಕ್ಕ ಸೋಲ್ತದ!" ಅಂದ್ಲು. ಏನನ್ನಲಿ? ಚಾಕುವಿಂದೇನೂ ತಪ್ಪಿಲ್ಲ, ಅವ್ವಂದೂ ತಪ್ಪಿಲ್ಲ, ಆಕೀಗೆ ಚಾಕು ಅಂದ್ರ ಬೆಲ್ಲಾನೂ ಹೆಚ್ಚಬೇಕು, ಹಾಲಿನ ಪಾಕೀಟೂ ಹರೀಬೇಕು, ಡಬ್ಬಿ ಮುಚ್ಚಳಾನೂ ಎಬ್ಬಿಸಬೇಕು.

ಆವತ್ತು ರಾತ್ರಿ ನನ್ನ ತಲ್ಯಾಗ ಒಂದು ವಿಚಾರ ಬಂತು, ಇದು ನಾ ದಿನಾ ಮಾಡೋ ಕೆಲಸದ ವಿಚಾರನ. ನಮ್ಮಲ್ಲೆ ಡೈಯಿನ ಪಂಚ್ ಮಾಡಬೇಕಾದ್ರ ಭಾಳ ಗಟ್ಟಿ ಇಟ್ರ ಒಂದಿನ ಟಕ್ ಅಂತ ತುಂಡಾಗ್ತದ, ಮೆತ್ತಗ ಇಟ್ರ ಲಗೂನ ಮೊಂಡಾಗ್ತದ, ಅದಕ್ಕ ಕೆಲಸ ಎಂಥಾದ್ದು ಅಂತ ನೋಡಿ ಟೆಂಪರ್ ಮಾಡ್ತೀವಿ, ಅಂದ್ರ ಗಟ್ಟಿ ಮಾಡಿದ ಸ್ಟೀಲನ್ನ ಮತ್ತ ಹದಕ್ಕ ಕಾಯಿಸಿ ಒಂಚೂರು ಮೆತ್ತಗ ಮಾಡ್ತೀವಿ. ಚಾಕುವಿಂದೂ ಅಷ್ಟ. 60ರ ಚಾಕು ಚಕ್ಕಿ ಹಾರ್ತದ, 56ರದ್ದರ ಧಾರಿ ಹಾರೂದಿಲ್ಲ, ಒಂದು ಕಡೆ ಮಣೀತದ. ಮಣಿದಿದ್ದನ್ನ ಸ್ಟೀಲ್ ರಾಡಿಗೆ ನಾಕು ಸಲ ಎಳೆದ್ರ ನೆಟ್ಟಗಾಗ್ತದ. ಹಾರಿದ್ದನ್ನ ಸಾಣೆಕಲ್ಲಿನ ಮ್ಯಾಲೆ ಉಳಿದ ಧಾರಿನೂ ಅಷ್ಟ ಕೆಳಗ ಇಳಿಸೋತನಕ ತಿಕ್ಕಬೇಕು, ನಾ ತಿಕ್ಕೇನಿ, 400 ಗ್ರಿಟ್ (ಈ ನಂಬರ್ ಕಡಿಮಿ ಆದಷ್ಟು ಕಲ್ಲು ಒರಟು) ಕಲ್ಲಿನ ಮ್ಯಾಲೆ ಮೂರು ಐತವಾರ ಹೋದ್ವು. ಹಂಗಾಗಿ ಯಾವುದು ಜಾಸ್ತಿ ಗಟ್ಟಿ ಅನ್ನೋ ಪ್ರಶ್ನೆನ ಬಿಟ್ಟೆ. ಬೆಲ್ಲ, ಕೊಬ್ಬರಿ, ಸುರಣಗಡ್ಡಿ, ಎಲ್ಲಾರ ಕೈ, ಎಲ್ಲಾನೂ ತಡಕೊಳ್ಳೋ ಮೆತ್ತಗಿಂದು ಯಾವುದು ಅಂತ ಹುಡುಕಲಿಕ್ಕೆ ಹತ್ತಿದೆ.

ವಿಕ್ಟೋರಿನಾಕ್ಸ್ ಅಂದ್ರ ನನಗೂ ಮೊದಲು ಆ ಕೆಂಪು ಸ್ವಿಸ್ ಆರ್ಮಿ ಚಾಕುನ ನೆನಪು ಬರ್ತಿತ್ತು. ಸ್ವಿಟ್ಜರ್ಲೆಂಡಿನ ಇಬಾಖ್ ಅನ್ನೋ ಊರಾಗ ಕಾರ್ಲ್ ಎಲ್ಸೆನರ್ 1884ರಾಗ ಶುರು ಮಾಡಿದ್ದು. 1909ರಾಗ ಅವರ ತಾಯಿ ತೀರಿಕೊಂಡ್ರು, ಆಕೀ ಹೆಸರು ವಿಕ್ಟೋರಿಯಾ, ಅದನ್ನ ಬ್ರ್ಯಾಂಡಿಗೆ ಇಟ್ರು, 1921ರಾಗ ಸ್ಟೇನ್‌ಲೆಸ್ ಸ್ಟೀಲ್ ಬಂದ ಮ್ಯಾಲೆ ಅದಕ್ಕ "ಇನಾಕ್ಸ್" ಜೋಡಿಸಿದ್ರು. ಅಂದ್ರ ಅರ್ಧ ಹೆಸರು ಅವ್ವಂದು, ಇನ್ನರ್ಧ ಸ್ಟೀಲಿಂದು. ಇದನ್ನ ನಮ್ಮ ಅವ್ವಗ ಹೇಳಿದಾಗ ಮಾತ್ರ ಆಕಿ "ಹಂಗಾರ ಚಲೋ ಮಂದಿ ಇರಬೇಕು" ಅಂದ್ಲು.

ಇತಿಹಾಸಕ್ಕಿಂತ ನನಗ ಸೇರಿದ್ದು ಬ್ಯಾರೆ. ಸ್ಟೀಲಿನ ಹೆಸರು ಎಕ್ಸ್50ಸಿಆರ್‌ಎಂಒವಿ15, ಜರ್ಮನ್ ನಂಬರ್ 1.4116. ಆ ಹೆಸರು ಒದರಿದಂಗ ಕಾಣತದ, ಆದ್ರ ಅದರಾಗ ಎಲ್ಲಾ ಅದ: ಕಾರ್ಬನ್ ಶೇಕಡಾ 0.5, ಕ್ರೋಮಿಯಂ 15, ಮ್ಯಾಲೆ ಒಂಚೂರು ಮಾಲಿಬ್ಡಿನಮ್, ವೆನೇಡಿಯಂ. ಜರ್ಮನಿ ಸೋಲಿಂಗೆನ್ನಿನ ವುಸ್ಟಹೋಫ್‌ನವರ ದುಬಾರಿ ಚಾಕುನೂ ಹತ್ರ ಹತ್ರ ಇದ ಸ್ಟೀಲು, ಅವರು 58ರ ತನಕ ಗಟ್ಟಿ ಮಾಡ್ತಾರ, ಇವರು 55-56ಕ್ಕ ಬಿಡ್ತಾರ. ಅವರು ಕಾಯಿಸಿ ಬಡಿದು ಮಾಡ್ತಾರ, ಫೈಬ್ರಾಕ್ಸಿನ ಅಲಗು ಶೀಟಿನಿಂದ ಕತ್ತರಿಸಿದ್ದು, ರೇಟಿನ ಫರಕ್ ಬಹುತೇಕ ಅಲ್ಲೇ ಅದ. ನಾವೂ ಸ್ಟಾಂಪಿಂಗ್ ಮಂದೀನ ಅಲ್ಲೇನ್ರೀ, ಶೀಟಿನಿಂದ ಕತ್ತರಿಸಿದ್ದು ಅಂದ ಕೂಡಲೇ ಕೀಳು ಅನ್ನೋ ಮಾತು ನನಗ ಸೇರೂದಿಲ್ಲ.

ಮತ್ತ ಕಾಕಾನ ಹತ್ರ ಹೋದೆ. ಈ ಸಲ ಬೈಲಿಲ್ಲ, ಸ್ವಂತ ಕುತೂಹಲ ಇತ್ತು ಅವರಿಗೂ. 55, 56, 55. ಕಂಪನಿ ಹೇಳಿದ್ದು, ಮಷೀನ್ ಹೇಳಿದ್ದು ಎರಡೂ ಒಂದ. ಬೆನ್ನಿನ ಹತ್ರ ಸಾಸವಿ ಕಾಳಿಗಿಂತ ಸಣ್ಣ ಮೂರು ಚುಕ್ಕಿ ಬಿದ್ದಾವ. ಮನ್ಯಾಗ ಇಕಿ, ನನ್ನ ಹೆಂಡತಿ, ನೋಡಿ "ಹೊಸಾದಕ್ಕ ಇದೇನ್ರೀ ಚುಕ್ಕಿ, ಡಿಫೆಕ್ಟ್ ಪೀಸ್ ಕೊಟ್ಟಾರೇನು?" ಅಂತ ಕೇಳಿದ್ಲು, ಸುಮ್ಮನ ಇದ್ದೆ.

ಈಗ ಒಂದೂವರಿ ವರ್ಷ ಆತು. ಅಲಗು ತೆಳ್ಳಗದ, ಬೆನ್ನು ಸುಮಾರು 2 ಮಿಲಿಮೀಟರ್, ಅದಕ್ಕ ಕುಂಬಳಕಾಯಿ, ಗಜ್ಜರಿ ಹೆಚ್ಚಬೇಕಾದ್ರ ಬೆಣಿ ಹೊಡದಂಗ ನಡುವ ಸಿಕ್ಕಿಕೊಳ್ಳೂದಿಲ್ಲ. ಕೈ ಒದ್ದಿ ಇದ್ರೂ, ಎಣ್ಣಿ ಹತ್ತಿದ್ರೂ ಹಿಡಿಕಿ ಜಾರೂದಿಲ್ಲ. ನೋಡ್ಲಿಕ್ಕೆ ಮಾತ್ರ ಏನೂ ಚಂದಿಲ್ಲ, ಕಸಾಯಿ ಅಂಗಡಿಯಿಂದ ಎತ್ತಿಕೊಂಡು ಬಂದಂಗ ಕಾಣತದ, "ಮೂರು ಸಾವಿರಕ್ಕ ಪ್ಲಾಸ್ಟಿಕ್ ಹಿಡಿಕಿ" ಅಂತ ಇಕಿ ಬಂದವರಿಗೆಲ್ಲಾ ತೋರಸ್ತಾಳ. ಇನ್ನೊಂದು, ಮೆತ್ತಗ ಇದ್ದದ್ದಕ್ಕ ವಿಜಿ-10ದಷ್ಟು ದಿನ ಧಾರಿ ನಿಲ್ಲೂದಿಲ್ಲ. ವಾರಕ್ಕೊಮ್ಮೆ ರಾಡಿಗೆ ಎಳೀಬೇಕು, ಎರಡು ಮೂರು ತಿಂಗಳಿಗೊಮ್ಮೆ 1000 ಗ್ರಿಟ್ ಕಲ್ಲಿನ ಮ್ಯಾಲೆ ಹತ್ತು ನಿಮಿಷ.

ಈ ಹತ್ತು ನಿಮಿಷ ಕೊಡೂದಿಲ್ಲ ಅನ್ನೋರಿಗೆ ನಾ ಎಂಬತ್ತರ ಚಾಕುನ ತಗೋರಿ ಅಂತೀನಿ, ಚ್ಯಾಷ್ಟಿಗೆ ಅಲ್ಲ. ಮೊಂಡಾದ ಮ್ಯಾಲೆ ಎಂಬತ್ತರದ್ದೂ ಒಂದ, ಮೂರು ಸಾವಿರದ್ದೂ ಒಂದ. ಕಲ್ಲು ಹಿಡಿಯೋದು ಕಷ್ಟ ಇಲ್ಲ. ಕಲ್ಲು ನೀರಾಗ ನೆನಸಿ, ಅಲಗು ಹದಿನೈದು-ಇಪ್ಪತ್ತು ಡಿಗ್ರಿ ಎತ್ತಿ, ಒಂದು ಮಗ್ಗಲು ತಿಕ್ಕಿಕೋತ ಹೋದ್ರ ಆ ಕಡೆ ಮಗ್ಗಲಿನ ಅಂಚಿಗೆ ಒಂದು ದೊರಗು ಏಳತದ. ಹೆಬ್ಬೆರಳನ್ನ ಬೆನ್ನಿನ ಕಡೆಯಿಂದ ಧಾರಿ ಆಚೆ ಹಗೂರಕ ಸರಿಸಿದ್ರ (ಧಾರಿ ಗುಂಟ ಅಲ್ಲ ಮತ್ತ!) ಬೆರಳಿಗೆ ಗೀರಿದಂಗ ಹತ್ತತದ. ಬುಡದಿಂದ ಮೊನೀ ತನಕ ಎಲ್ಲಾ ಕಡೆ ಹತ್ತಿದ್ರ ಆ ಮಗ್ಗಲು ಮುಗೀತು, ತಿರುವಿ ಹಾಕ್ರಿ. ಕಡೀಕ ಹಗೂರ ಕೈಲೇ ಆಚೆ-ಈಚೆ ನಾಕು ಸಲ, ದೊರಗು ಹೋಗೋತನಕ. ನಮ್ಮ ಕೋಥರೂಡಿನ್ಯಾಗ ಸೊಸೈಟಿ ಗೇಟಿನ ಮುಂದ ಸೈಕಲ್ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದು ಚಕ್ರದ ಮ್ಯಾಲೆ ಸಾಣೆ ಹಿಡಿಯೋ ಅಜ್ಜಾರು ಬರ್ತಾರ, ಅವರಿಗೆ ಕತ್ತರಿ, ಈಳಿಗಿ ಕೊಡ್ತೀವಿ, ಈ ಚಾಕು ಕೊಡೂದಿಲ್ಲ. ನೀರಿಲ್ಲದ ಚಕ್ರಕ್ಕ ಭಾಳೊತ್ತು ಒತ್ತಿ ಹಿಡಿದ್ರ ತೆಳ್ಳನ ಧಾರಿ ಕಾಯ್ದು ಟೆಂಪರ್ ಹೋಗ್ತದ, 56 ಅಂತ ಕೊಟ್ಟ ರೊಕ್ಕ ಕಿಡಿ ಜೋಡಿ ಹಾರಿ ಹೋತಂತ ತಿಳೀರಿ.

ಇನ್ನ ಯಾರಿಗೆ ಬ್ಯಾಡ ಅಂದ್ರ, ಕೈಯಾಗ ಹಿಡದು ಹೆಬ್ಬೆರಳಿನ ಕಡೆ ಎಳಕೊಂಡು ಹೆಚ್ಚೋ ರೂಢಿ ಇದ್ದವರಿಗೆ. ನಮ್ಮ ಮಂದಿ ಮುಕ್ಕಾಲು ಹಂಗ ಹೆಚ್ಚತಾರ, ಬೆಂಡಿಕಾಯಿ ನೇರ ಬುಟ್ಟ್ಯಾಗ ಬೀಳಬೇಕು. ಅವರಿಗೆ 8 ಇಂಚಿನ ಅಲಗು ಅಂದ್ರ ಬೆರಳಿಗೆ ಆಪತ್ತು. ಅವರು ಇದ ಬ್ರ್ಯಾಂಡಿನ ಸಣ್ಣ ಚಾಕು ತಗೊಳ್ಳಿ, ರೇಟಿಗೆ ಅದು ದೊಡ್ಡದರ ಹತ್ರಾನೂ ಬರೂದಿಲ್ಲ. ಕಟಿಂಗ್ ಬೋರ್ಡ್ ಇಲ್ಲದ ಓಟಾದ ಗ್ರಾನೈಟಿನ ಮ್ಯಾಲ ಹೆಚ್ಚೋರು, ಗಾಜಿನ ಬೋರ್ಡು ಚಂದ ಅದ ಅಂತ ಇಟ್ಟುಕೊಂಡೋರು ಮೊದಲು ಒಂದು ಕಟಿಗಿ ಬೋರ್ಡ್ ತರ್ರಿ, ಆಮ್ಯಾಲೆ ಚಾಕುವಿನ ಮಾತು.

ಅವ್ವ ಈ ದೀಪಾವಳಿಗೆ ಮತ್ತ ಬಂದಿದ್ಲು. ನಾ ಮನ್ಯಾಗ ಇದ್ದೆ ಈ ಸಲ, ಆದ್ರೂ ತಡೀಲಿಲ್ಲ, ನೋಡೋಣಂತ ಬಾಗಲಾಗ ನಿಂತೆ. ಬೆಲ್ಲದ ಪೆಂಟಿ, ಅದ ಅಂಗೈ, ಅದ ಗುದ್ದು. ಬೋರ್ಡ್ ಮಾತ್ರ ಕೆಳಗ ನಾ ಸರಿಸಿದ್ದೆ. ಮುಗಿದ ಮ್ಯಾಲೆ ತೊಳದು ಬೆಳಕಿಗೆ ಹಿಡದು ನೋಡಿದ್ರ ಧಾರಿ ಎರಡು ಕಡೆ ಮಣಿದು ಮಿಂಚತಿತ್ತು, ಚಕ್ಕಿ ಎಲ್ಲೂ ಹಾರಿರಲಿಲ್ಲ. ರಾಡಿಗೆ ಏಳೆಂಟು ಸಲ ಎಳೆದೆ, ಟಮಾಟಿ ಇಟ್ಟೆ, ಹೆಚ್ಚಿತು. ಅವ್ವ ಅದನ್ನ ನೋಡಿ "ಬೆಲ್ಲಕ್ಕ ಸೋಲಲಿಲ್ಲಲ್ಲೋ ಇದು" ಅಂದು, ನನ್ನ ಕೈಯಿಂದ ತಗೋಳಿಕ್ಕೆ ಹೋಗಿ ತಡದು, "ಚಾಕು ಕೈಯಾಗ ಕೊಡಬ್ಯಾಡ, ಕೆಳಗಿಡು" ಅಂದ್ಲು. ಇಟ್ಟೆ. ಎತ್ತಿಕೊಂಡು ಕೊಬ್ಬರಿಗೆ ಹತ್ತಿದ್ಲು.